ಈ ಭಾನುವಾರ ಸಂಪಾದಕ ಡಬ್ಲ್ಯು. ಟಿ. ಸ್ಟೆಡ್ ಬಗ್ಗೆ ಮಾತು

ಎಲ್ಲರಿಗೂ ನಮಸ್ಕಾರ. ಈ ವಾರ ಪತ್ರಕರ್ತರ ಸರಣಿಯಲ್ಲಿ ಇಂಗ್ಲೆಂಡಿನ ಡಬ್ಲ್ಯು. ಟಿ. ಸ್ಟೆಡ್ ಅವರನ್ನು ತೆಗೆದುಕೊಳ್ಳೋಣ. ಹುಟ್ಟಿದ್ದು 1849ರಲ್ಲಿ. 1871ರಲ್ಲಿ ಡಾರ್ಲಿಂಗ್ಟನ್ನಿನ 'ನಾರ್ದರ್ನ್ ಎಕೋ' ಪತ್ರಿಕೆಯ ಸಂಪಾದಕರಾದಾಗ ವಯಸ್ಸು ಬರೀ 22! ಆಮೇಲೆ ಲಂಡನ್ನಿನ 'ಪಾಲ್ ಮಾಲ್ ಗೆಜೆಟ್'.

ನಾವು ಜಾಸ್ತಿ ಮಾತಾಡಬೇಕಾದದ್ದು 1885ರ ಬಗ್ಗೆ. ಲಂಡನ್ನಿನಲ್ಲಿ ಹೆಣ್ಣುಮಕ್ಕಳನ್ನು ವೇಶ್ಯಾವಾಟಿಕೆಗೆ ಮಾರುತ್ತಾರೆ ಅಂತ ಸುಮ್ನೆ ಬರೆದರೆ ಯಾರೂ ನಂಬುವುದಿಲ್ಲ ಅಂದುಕೊಂಡ ಸ್ಟೆಡ್, ಮಧ್ಯವರ್ತಿಗಳ ಮೂಲಕ 13 ವರ್ಷದ ಎಲೈಜಾ ಆರ್ಮ್‌ಸ್ಟ್ರಾಂಗ್ ಎಂಬ ಹುಡುಗಿಯನ್ನು ತಾವೇ 'ಕೊಂಡು' ತೋರಿಸಿದರು. ವರದಿ ಬಂದಾಗ ದೇಶವೇ ಬೆಚ್ಚಿತು. ಮುಂದೂಡುತ್ತಲೇ ಬಂದಿದ್ದ ಕಾನೂನು ಪಾಸಾಯಿತು, ಲೈಂಗಿಕ ಸಂಬಂಧಕ್ಕೆ ಹುಡುಗಿಯರ ಸಮ್ಮತಿಯ ವಯಸ್ಸು 13ರಿಂದ 16ಕ್ಕೆ ಏರಿತು. ಆದರೆ ಹುಡುಗಿಯ ತಂದೆಯ ಒಪ್ಪಿಗೆ ಪಡೆದಿರಲಿಲ್ಲ. ಅಪಹರಣದ ಕೇಸಿನಲ್ಲಿ ಸ್ಟೆಡ್‌ಗೆ 3 ತಿಂಗಳು ಜೈಲಾಯಿತು. ಮುಂದೆ ಪ್ರತಿವರ್ಷ ನವೆಂಬರ್ 10ರಂದು, ಶಿಕ್ಷೆಯಾದ ದಿನ, ಕೈದಿಯ ಬಟ್ಟೆಯನ್ನೇ ಹಾಕಿಕೊಳ್ಳುತ್ತಿದ್ದರಂತೆ.

ನನಗೆ ಅವರ ಧೈರ್ಯದ ಬಗ್ಗೆ ತುಂಬಾ ಗೌರವವಿದೆ. ಆದರೂ ಏನೂ ಅರಿಯದ ಆ ಹುಡುಗಿಯನ್ನು ಹಾಗೆ ಬಳಸಿದ್ದು ತಪ್ಪು ಅಂತಲೇ ನನ್ನ ಅನಿಸಿಕೆ. ನೀವೇನು ಹೇಳುತ್ತೀರಿ?

1890ರಲ್ಲಿ ಅವರು 'ರಿವ್ಯೂ ಆಫ್ ರಿವ್ಯೂಸ್' ಪತ್ರಿಕೆ ಶುರುಮಾಡಿದರು. 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ತೀರಿಕೊಂಡರು. ವಿಚಿತ್ರ ಅಂದರೆ, ಲೈಫ್‌ಬೋಟ್ ಸಾಲದೆ ಜನ ಮುಳುಗುವ ಕಥೆಯೊಂದನ್ನು 1886ರಲ್ಲೇ ಪ್ರಕಟಿಸಿದ್ದರು.

ದಯವಿಟ್ಟು ಶನಿವಾರ ರಾತ್ರಿಯೊಳಗೆ ಅಭಿಪ್ರಾಯ ಹಾಕಿ. ಧ್ವನಿ ಸಂದೇಶ ಬೇಡ, ಬರೆದೇ ಕಳಿಸಿ.