ನಿಮ್ಮ ಮೇಲ್ ಸೆಟ್ಟಿಂಗ್ಸ್‌ನಲ್ಲಿ ಎರಡು ನಂಬರ್ ಬದಲಾಗಬೇಕು

ಆತ್ಮೀಯ ಗ್ರಾಹಕರೇ,

ನಮಸ್ಕಾರ. ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ 15ನೇ ತಾರೀಕಿನಿಂದ ನಮ್ಮ ಮೇಲ್ ಸರ್ವರ್‌ನಲ್ಲಿ 110 ಮತ್ತು 143 ಎಂಬ ಹಳೇ ಪೋರ್ಟ್‌ಗಳನ್ನು (ಮೇಲ್ ಒಳಗೆ-ಹೊರಗೆ ಹೋಗುವ ನಂಬರ್ ಹಾಕಿದ ಬಾಗಿಲುಗಳನ್ನು) ಮುಚ್ಚುತ್ತಿದ್ದೇವೆ. ನಿಮ್ಮ ಕಂಪ್ಯೂಟರಿನಿಂದ ಮೇಲ್ ಕಳಿಸಲು 25 ಬಳಸುತ್ತಿದ್ದರೆ ಅದೂ ನಡೆಯುವುದಿಲ್ಲ. ಆಮೇಲೆ ಮೇಲ್ ತರಿಸಿಕೊಳ್ಳಲು ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಉಳಿಯುವ ವಿಧಾನ) ಆದರೆ 993, ಪಾಪ್ (ಮೇಲ್ ನಿಮ್ಮ ಕಂಪ್ಯೂಟರಿಗೆ ಇಳಿಯುವ ವಿಧಾನ) ಆದರೆ 995. ಕಳಿಸಲು 465 ಅಥವಾ 587. ಅಷ್ಟೇ ಬದಲಾವಣೆ. ನಿಮ್ಮ ವಿಳಾಸ, ಪಾಸ್‌ವರ್ಡ್, ಸರ್ವರ್‌ನಲ್ಲಿರುವ ಹಳೇ ಮೇಲ್‌ಗಳು ಎಲ್ಲವೂ ಇದ್ದ ಹಾಗೇ ಇರುತ್ತವೆ.

ಬ್ರೌಸರ್‌ನಲ್ಲೇ ಮೇಲ್ ನೋಡುವವರು ಏನೂ ಮಾಡಬೇಕಿಲ್ಲ. ಇತ್ತೀಚಿನ ಫೋನ್‌ಗಳು ಸಾಮಾನ್ಯವಾಗಿ ಹೊಸ ನಂಬರ್‌ಗಳನ್ನೇ ತಾವಾಗಿ ಹಾಕಿಕೊಂಡಿರುತ್ತವೆ. ತೊಂದರೆ ಬರುವುದು ಎಷ್ಟೋ ವರ್ಷದ ಹಿಂದೆ ಯಾರೋ ಒಮ್ಮೆ ಸೆಟಪ್ ಮಾಡಿಕೊಟ್ಟು, ಆಮೇಲೆ ಯಾರೂ ಮುಟ್ಟದ ಕಂಪ್ಯೂಟರ್‌ಗಳಿಗೆ.

ಯಾಕೆ ಮುಚ್ಚುತ್ತಿದ್ದೇವೆ? ಪಾಪ್‌ನ ಈಗಿನ ನಿಯಮಗಳು ಬರೆಯಲಾದದ್ದು 1996ರಲ್ಲಿ. ಆಗ ಸಾಮಾನ್ಯವಾಗಿ ಪಾಸ್‌ವರ್ಡ್ ಬರಿಯ ಅಕ್ಷರಗಳಲ್ಲೇ ತಂತಿಯ ಮೇಲೆ ಹೋಗುತ್ತಿತ್ತು. 110ರಲ್ಲಿ ಇವತ್ತೂ ಹಾಗೇ ಹೋಗಬಹುದು. ನಡುವೆ ಯಾರಾದರೂ ಕಿವಿಗೊಟ್ಟು ಕೂತಿದ್ದರೆ, ಉದಾಹರಣೆಗೆ ಎಲ್ಲರಿಗೂ ತೆರೆದಿಟ್ಟ ವೈಫೈನಲ್ಲಿ, ಅವರಿಗೆ ನಿಮ್ಮ ಪಾಸ್‌ವರ್ಡ್ ಓದಲು ಯಾವ ಕಷ್ಟವೂ ಇಲ್ಲ. ಈ ಹಳೇ ಪೋರ್ಟ್‌ಗಳಲ್ಲೂ ಮಾತಿನ ನಡುವೆ ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದಂತೆ ಗುಟ್ಟಿನ ಲಿಪಿಗೆ ತಿರುಗಿಸುವುದು) ಶುರು ಮಾಡುವ ದಾರಿ ಇದೆ. ಆದರೆ ನಿಮ್ಮ ಮೇಲ್ ಪ್ರೋಗ್ರಾಂ ಅದನ್ನು ಕೇಳದೆ ಸುಮ್ನೆ ಪಾಸ್‌ವರ್ಡ್ ಕಳಿಸಿಬಿಟ್ಟರೆ ನಾವು ತಡೆಯುವಷ್ಟರಲ್ಲಿ ಅದು ಹೊರಟುಹೋಗಿರುತ್ತದೆ. 993, 995 ಮತ್ತು 465ರಲ್ಲಿ ಮೊದಲ ಅಕ್ಷರದಿಂದಲೇ ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತದೆ. ಇಂಟರ್‌ನೆಟ್‌ನ ನಿಯಮಗಳನ್ನು ಬರೆಯುವ ಐಇಟಿಎಫ್ 2018ರಲ್ಲೇ ಹೀಗೆ ಮಾಡಿ ಎಂದು ಹೇಳಿತ್ತು. ನಾವು ತಡ ಮಾಡಿದ್ದೇವೆ, ಒಪ್ಪಿಕೊಳ್ಳುತ್ತೇವೆ. ಯಾರ ಮೇಲೂ ಏಕಾಏಕಿ ಹೇರುವುದು ಬೇಡ ಎಂದು ಮುಂದೂಡುತ್ತಾ ಬಂದೆವು.

ಇನ್ನು ಬದಲಾಯಿಸುವ ಕೆಲಸ. ನಿಮ್ಮ ಮೇಲ್ ಪ್ರೋಗ್ರಾಂನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆರೆದು ಇನ್‌ಕಮಿಂಗ್ ಸರ್ವರ್ ಎಂಬಲ್ಲಿಗೆ ಹೋಗಿ. ಪೋರ್ಟ್ ನಂಬರಿನ ಪಕ್ಕದಲ್ಲೋ ಕೆಳಗೋ ಸೆಕ್ಯುರಿಟಿ ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಜನ ಎಡವುವುದು ಇಲ್ಲೇ. 993 ಅಂತ ಹಾಕುತ್ತಾರೆ, ಸೆಕ್ಯುರಿಟಿ ಮಾತ್ರ ‘ನನ್’ (None, ಅಂದರೆ ಏನೂ ಇಲ್ಲ) ಅಂತಲೇ ಉಳಿದಿರುತ್ತದೆ. ಆಗ ತಪ್ಪು ಎಂಬ ಸಂದೇಶ ಕೂಡ ತಕ್ಷಣ ಬರುವುದಿಲ್ಲ. ಆ ಕಡೆ ಸರ್ವರ್ ಎನ್‌ಕ್ರಿಪ್ಷನ್ ಶುರುವಾಗಲಿ ಎಂದು ಕಾಯುತ್ತದೆ, ಈ ಕಡೆ ನಿಮ್ಮ ಪ್ರೋಗ್ರಾಂ ಸರ್ವರ್ ಮಾತಾಡಲಿ ಎಂದು ಕಾಯುತ್ತದೆ. ಚಕ್ರ ತಿರುಗುತ್ತಲೇ ಇರುತ್ತದೆ. 993, 995, 465 ಇದ್ದರೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಆರಿಸಿ. 587ಕ್ಕೆ ಮಾತ್ರ ‘ಸ್ಟಾರ್ಟ್‌ಟಿಎಲ್‌ಎಸ್’. ಔಟ್‌ಗೋಯಿಂಗ್ ಸರ್ವರ್‌ಗೂ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬೇಕು ಎಂಬ ಟಿಕ್ ಮಾರ್ಕ್ ಇದೆಯೇ ನೋಡಿ. ಮೇಲ್ ಬರುತ್ತದೆ, ಹೋಗುವುದಿಲ್ಲ ಎಂಬ ದೂರಿಗೆ ಬಹಳ ಸಲ ಆ ಒಂದು ಟಿಕ್ಕೇ ಕಾರಣ. ಯೂಸರ್‌ನೇಮ್ ಎಂದರೆ ನಿಮ್ಮ ಪೂರ್ತಿ ಇಮೇಲ್ ವಿಳಾಸ, ಅರ್ಧ ಅಲ್ಲ.

ಬದಲಾಯಿಸಿದ ಮೇಲೆ ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಚೀಟಿ) ಸರಿಯಿಲ್ಲ ಎಂಬ ಎಚ್ಚರಿಕೆ ಬಂದರೆ ದಯವಿಟ್ಟು ಕಣ್ಣು ಮುಚ್ಚಿ ‘ಓಕೆ’ ಒತ್ತಬೇಡಿ. ಸಾಮಾನ್ಯವಾಗಿ ಸರ್ವರ್ ಹೆಸರಿನ ಜಾಗದಲ್ಲಿ ನಿಮ್ಮ ಸ್ವಂತ ಡೊಮೇನ್ ಹೆಸರು (ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವುದು) ಇರುತ್ತದೆ, ಸರ್ಟಿಫಿಕೇಟ್ ಮಾತ್ರ ನಮ್ಮ ಸರ್ವರ್ ಹೆಸರಿನಲ್ಲಿರುತ್ತದೆ. ಅಕೌಂಟ್ ತೆರೆದಾಗ ನಾವು ಕೊಟ್ಟ ಹಾಳೆಯಲ್ಲಿರುವ ಹೆಸರನ್ನೇ ಹಾಕಿ. ಅದಾದರೂ ಎಚ್ಚರಿಕೆ ಹೋಗದಿದ್ದರೆ ಕಂಪ್ಯೂಟರಿನ ಗಡಿಯಾರ ನೋಡಿ. ನಗಬೇಡಿ, ನಿಜಕ್ಕೂ ಹೇಳುತ್ತಿದ್ದೇವೆ. ಹಳೇ ಕಂಪ್ಯೂಟರಿನ ಒಳಗಿರುವ ಬಿಲ್ಲೆಯಂಥ ಬ್ಯಾಟರಿ ಸತ್ತರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆ ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ!

ಒಂದು ಕೆಲಸ ಮಾತ್ರ ಮಾಡಲೇಬೇಡಿ. ಮೇಲ್ ಬರುತ್ತಿಲ್ಲ ಎಂದು ಅಕೌಂಟನ್ನೇ ಡಿಲೀಟ್ ಮಾಡಿ ಮತ್ತೆ ಸೇರಿಸುವುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಅದು. ಐಮ್ಯಾಪ್ ಆದರೆ ಮೇಲ್‌ಗಳು ಸರ್ವರ್‌ನಲ್ಲಿರುತ್ತವೆ, ಹೆಚ್ಚಿಗೆ ನಷ್ಟವಿಲ್ಲ. ಪಾಪ್‌ನಲ್ಲಿ ಮೇಲ್ ನಿಮ್ಮ ಕಂಪ್ಯೂಟರಿಗೆ ಇಳಿದ ಮೇಲೆ ಸರ್ವರ್‌ನಿಂದ ಅಳಿಸಿಹೋಗುವಂತೆ ಇಟ್ಟಿರಬಹುದು. ಕಳಿಸಿದ ಮೇಲ್‌ಗಳಂತೂ ಆ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆಲ್ಲೂ ಇರುವುದಿಲ್ಲ. ಇದು ನಾವೇ ಪೆಟ್ಟು ತಿಂದು ಕಲಿತ ಪಾಠ. ನಮ್ಮ ಲೆಕ್ಕಪತ್ರದ ಕಂಪ್ಯೂಟರ್ ಪಾಪ್‌ನಲ್ಲಿತ್ತು, ‘ಸರ್ವರ್‌ನಲ್ಲಿ ಪ್ರತಿ ಉಳಿಸು’ ಎಂಬ ಟಿಕ್ ಇರಲಿಲ್ಲ. ಒಂದು ಬೆಳಿಗ್ಗೆ ಹಾರ್ಡ್ ಡಿಸ್ಕ್ ಟಕ್ ಟಕ್ ಅಂದು ನಿಂತಿತು. ಊರಿಗೆಲ್ಲ ಮೇಲ್ ನೋಡಿಕೊಳ್ಳುವ ನಾವು ನಮ್ಮದೇ ಬಿಲ್ಲುಗಳ ಪ್ರತಿಯನ್ನು ಗ್ರಾಹಕರಿಂದ ಕೇಳಿ ತರಿಸಿಕೊಂಡೆವು. ಹೇಗೂ ಸೆಟ್ಟಿಂಗ್ಸ್ ಮುಟ್ಟುತ್ತಿದ್ದೀರಲ್ಲ, ಪಾಪ್‌ನಲ್ಲಿರುವವರು ಐಮ್ಯಾಪ್‌ಗೆ ಬರುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹಾಗೆ ಬರುವಾಗ ಹಳೇ ಅಕೌಂಟನ್ನು ಬಿಟ್ಟು ಪಕ್ಕದಲ್ಲಿ ಹೊಸದನ್ನು ಸೇರಿಸಿ. ಹಳೇ ಮೇಲ್‌ಗಳನ್ನು ಎಳೆದು ಹೊಸದಕ್ಕೆ ಹಾಕಿ, ಎಲ್ಲವೂ ಬಂದಿವೆಯೇ ಎಂದು ಬ್ರೌಸರ್‌ನಲ್ಲಿ ನೋಡಿ. ಆಮೇಲಷ್ಟೇ ಹಳೇದನ್ನು ತೆಗೆಯಿರಿ.

ಪಾಸ್‌ವರ್ಡ್ ತಪ್ಪು ಎಂದು ಬಂದರೆ ಅದನ್ನು ಬದಲಾಯಿಸಲು ಓಡಬೇಡಿ. ಮೊದಲು ಅದೇ ಪಾಸ್‌ವರ್ಡ್ ಹಾಕಿ ಬ್ರೌಸರ್‌ನಲ್ಲಿ ಲಾಗಿನ್ ಆಗಿ. ಅಲ್ಲಿ ತೆರೆದುಕೊಂಡರೆ ಪಾಸ್‌ವರ್ಡ್ ಸರಿ ಇದೆ, ಸೆಟ್ಟಿಂಗ್ಸ್ ತಪ್ಪಿದೆ. ಬದಲಾಯಿಸಲೇಬೇಕಾದರೆ ಮೇಲ್ ಇರುವ ಎಲ್ಲ ಕಡೆಯೂ ಬದಲಾಯಿಸಿ. ಡ್ರಾಯರಿನಲ್ಲಿ ಮರೆತುಬಿಟ್ಟ ಹಳೇ ಟ್ಯಾಬ್ಲೆಟ್ ಒಂದು ಕೆಲವು ನಿಮಿಷಕ್ಕೊಮ್ಮೆ ಹಳೇ ಪಾಸ್‌ವರ್ಡ್ ಹಾಕಿ ಬಾಗಿಲು ತಟ್ಟುತ್ತಲೇ ಇರುತ್ತದೆ. ಯಾರೋ ನುಗ್ಗಲು ನೋಡುತ್ತಿದ್ದಾರೆ ಎಂದುಕೊಂಡು ನಮ್ಮ ಸರ್ವರ್ ನಿಮ್ಮ ಇಂಟರ್‌ನೆಟ್ ವಿಳಾಸವನ್ನೇ ಸ್ವಲ್ಪ ಹೊತ್ತು ತಡೆಯುತ್ತದೆ. ಆಗ ಆ ವೈಫೈನಲ್ಲಿರುವ ಯಾರಿಗೂ ಮೇಲ್ ಬರುವುದಿಲ್ಲ. ಪತ್ತೆ ಮಾಡುವುದು ಸುಲಭ. ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಅಲ್ಲಿ ಮೇಲ್ ಬಂದರೆ ಇದೇ ಕಾರಣ ಇರುವುದು ಹೆಚ್ಚು. ನಮಗೆ ತಿಳಿಸಿದರೆ ತಡೆ ತೆಗೆಯುತ್ತೇವೆ. ಟ್ಯಾಬ್ಲೆಟ್ ಹುಡುಕುವ ಕೆಲಸ ಮಾತ್ರ ನಿಮ್ಮದು.

ಸ್ಕ್ಯಾನ್ ಮಾಡಿದ್ದನ್ನು ನೇರ ಮೇಲ್‌ಗೆ ಕಳಿಸುವ ಪ್ರಿಂಟರ್ ಇದ್ದವರು ಈ ವಾರವೇ ಅದರ ಸೆಟ್ಟಿಂಗ್ಸ್ ನೋಡಿಕೊಂಡು, 15 ಆದ ಮೇಲೆ ಒಂದು ಹಾಳೆ ಸ್ಕ್ಯಾನ್ ಮಾಡಿ ಪರೀಕ್ಷಿಸಿ ನೋಡಿ. ಅದೇ 15ರಂದು ನಾವು ಟಿಎಲ್‌ಎಸ್‌ನ (ಎನ್‌ಕ್ರಿಪ್ಷನ್ ಮಾಡುವ ವಿಧಾನದ) 1.0 ಮತ್ತು 1.1 ಆವೃತ್ತಿಗಳನ್ನೂ ನಿಲ್ಲಿಸುತ್ತಿದ್ದೇವೆ. 2021ರಲ್ಲಿ ಐಇಟಿಎಫ್ ಇವುಗಳನ್ನು ಅಧಿಕೃತವಾಗಿ ಕೈಬಿಟ್ಟಿತು. ಹಲವು ಹಳೇ ಪ್ರಿಂಟರ್‌ಗಳಿಗೆ ಅದರ ನಂತರದ 1.2 ಆವೃತ್ತಿ ಗೊತ್ತಿರುವುದಿಲ್ಲ, ಮತ್ತು ಅವು ದೂರು ಹೇಳುವುದೂ ಇಲ್ಲ. ಹಾಳೆ ಒಳಗೆ ಎಳೆದುಕೊಂಡು ಬೀಪ್ ಅಂದು ಸುಮ್ಮನಾಗುತ್ತವೆ. ತಯಾರಕರ ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಹಾಕಿ. ಇಲ್ಲದಿದ್ದರೆ ಪೆನ್‌ಡ್ರೈವಿಗೋ ಕಂಪ್ಯೂಟರಿನ ಫೋಲ್ಡರಿಗೋ ಸ್ಕ್ಯಾನ್ ಮಾಡಿಕೊಳ್ಳಿ. ಇದಕ್ಕಾಗಿ ಹೊಸ ಪ್ರಿಂಟರ್ ಕೊಳ್ಳಬೇಡಿ.

ಕಳಿಸಿದ ಮೇಲ್ ವಾಪಸ್ ಬಂದರೆ ಅಥವಾ ಹೋಗದೇ ನಿಂತರೆ, ಆಗ ಬರುವ ಇಂಗ್ಲಿಷ್ ಸಂದೇಶವನ್ನು ಅಳಿಸಬೇಡಿ. ಅದರಲ್ಲಿ ಮೂರಂಕಿಯ ನಂಬರ್ ಒಂದಿರುತ್ತದೆ. 4ರಿಂದ ಶುರುವಾದರೆ ತಾತ್ಕಾಲಿಕ ಅಡಚಣೆ, ಸರ್ವರ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. 5 ಆದರೆ ಕೈಚೆಲ್ಲಿದೆ ಎಂದು ಅರ್ಥ. 535 ಎಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. 550 ಬಂದರೆ ಮೊದಲು ವಿಳಾಸದ ಕಾಗುಣಿತ ನೋಡಿ. 552 ಬಂದರೆ ಆ ಕಡೆಯ ಡಬ್ಬಿ ತುಂಬಿದೆ ಅಥವಾ ಫೈಲ್ ದೊಡ್ಡದಾಗಿದೆ. ಲಗತ್ತಿಸಿದ ಫೈಲು ಮೇಲ್‌ನಲ್ಲಿ ಹೋಗುವಾಗ ಸುಮಾರು ಮೂರನೇ ಒಂದು ಭಾಗ ಹಿಗ್ಗುತ್ತದೆ. 20 ಎಂಬಿ ಫೈಲು 27 ಎಂಬಿ ಹತ್ತಿರ ಆಗುತ್ತದೆ. ನಮಗೆ ಬರೆಯುವಾಗ ಆ ಸಂದೇಶವನ್ನು ಪೂರ್ತಿ ಕಳಿಸಿ. ‘ಮೇಲ್ ಹೋಗ್ತಿಲ್ಲ’ ಎಂಬ ಒಂದು ಸಾಲಿಗಿಂತ ಅದರಲ್ಲಿ ಜಾಸ್ತಿ ಸಿಗುತ್ತದೆ.

ಕೊನೆಯದಾಗಿ, ಇಂಥ ಬದಲಾವಣೆಯ ಹೊತ್ತಿಗೆ ಕಳ್ಳ ಮೇಲ್‌ಗಳೂ ಬರುತ್ತವೆ. ‘ಅಕೌಂಟ್ ಮುಚ್ಚುತ್ತದೆ, ಇಲ್ಲಿ ಒತ್ತಿ ಲಾಗಿನ್ ಆಗಿ’ ಅಂತ ನಮ್ಮ ಹೆಸರಿನಲ್ಲೇ ಬರಬಹುದು. ಈ ಪತ್ರದಲ್ಲಿ ಒಂದೂ ಲಿಂಕ್ ಇಲ್ಲ, ಬೇಕೆಂದೇ ಹಾಕಿಲ್ಲ. ಮುಂದೆ ಕಳಿಸುವ ನೆನಪೋಲೆಗಳಲ್ಲೂ ಇರುವುದಿಲ್ಲ. ಪಾಸ್‌ವರ್ಡನ್ನು ನಾವು ಫೋನಿನಲ್ಲೂ ಕೇಳುವುದಿಲ್ಲ. ಅನುಮಾನ ಬಂದರೆ ನಿಮ್ಮ ಬಿಲ್ಲಿನ ಮೇಲಿರುವ ನಂಬರಿಗೆ ನೀವೇ ಫೋನ್ ಮಾಡಿ. 15ರ ಹಿಂದಿನ ಮತ್ತು ಮುಂದಿನ ವಾರ ಫೋನ್ ಹತ್ತಿರ ಒಬ್ಬರು ಜಾಸ್ತಿ ಕೂತಿರುತ್ತಾರೆ.

ಇಂತಿ,
ನಿಮ್ಮ ಮೇಲ್ ನೋಡಿಕೊಳ್ಳುವ ಬಳಗ