ಮೆದುಳಿಗೂ ಹೋಗಿದೆಯಂತೆ ಎಂದು ನೀನು ಬರೆದದ್ದಕ್ಕೆ

ಪ್ರೀತಿಯ ಗೆಳೆಯಾ,

ಅಕ್ಕನ ಶ್ವಾಸಕೋಶದ ಕ್ಯಾನ್ಸರ್ ಮೆದುಳಿಗೂ ಹೋಗಿದೆಯಂತೆ, ಇನ್ನು ಇಮ್ಯುನೊಥೆರಪಿ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆ, ಕೊಡಿಸಿ ಪ್ರಯೋಜನ ಇದೆಯಾ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಭಾವನಿಗೂ ನೀನು ಓದಿ ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ನಿನಗೆ ಗೊತ್ತು. ಮೆದುಳಿಗೆ ಹರಡಿದ ಕ್ಯಾನ್ಸರಿನ ಸುತ್ತ ಟಿ ಕೋಶಗಳು ಎಂಬ ದೇಹದ ರಕ್ಷಣಾ ಕೋಶಗಳು ಏನು ಮಾಡುತ್ತವೆ ಎಂದು ಪ್ರಯೋಗಾಲಯದಲ್ಲಿ ನೋಡುವುದು ನನ್ನ ಕೆಲಸ. ಅಕ್ಕನಿಗೆ ಇಂಥದ್ದೇ ಚಿಕಿತ್ಸೆ ಆಗಬೇಕು ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ "ಮೆದುಳಿಗೆ ಹೋದಮೇಲೆ ಮುಗೀತು" ಎಂದು ಯಾರೋ ನಿಮಗೆ ಹೇಳಿದರಲ್ಲ, ಆ ಮಾತು ಎಲ್ಲಿಂದ ಬಂತು, ಈಗ ಅದರಲ್ಲಿ ಎಷ್ಟು ನಿಜ ಉಳಿದಿದೆ ಎಂಬುದನ್ನು ಹೇಳಬಲ್ಲೆ.

ಅದಕ್ಕೂ ಮೊದಲು ಒಂದು ತುರ್ತು ಮಾತು. ಬಯಾಪ್ಸಿಯ ತುಣುಕಿನಿಂದ ಜೀನ್ ಪರೀಕ್ಷೆ ಮಾಡಿಸಿದ್ದಾರಾ ಕೇಳು. ಇಜಿಎಫ್‌ಆರ್, ಎಎಲ್‌ಕೆ ಎಂಬ ಹೆಸರುಗಳು ಆ ವರದಿಯಲ್ಲಿರುತ್ತವೆ. ಅಕ್ಕ ಜನ್ಮದಲ್ಲಿ ಬೀಡಿ ಸಿಗರೇಟು ಮುಟ್ಟಿದವಳಲ್ಲ. ನಮ್ಮ ದೇಶದಲ್ಲಿ ಅಂಥ ಹೆಂಗಸರ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಈ ಜೀನುಗಳ ಬದಲಾವಣೆ ಕಾಣುವುದು ಸಾಮಾನ್ಯ. ಇದ್ದರೆ ಅದಕ್ಕೆ ಮಾತ್ರೆಗಳಿವೆ. ಇಜಿಎಫ್‌ಆರ್‌ಗೆ ಓಸಿಮರ್ಟಿನಿಬ್, ಎಎಲ್‌ಕೆಗೆ ಅಲೆಕ್ಟಿನಿಬ್, ಲಾರ್ಲಾಟಿನಿಬ್; ಇವು ಮೆದುಳಿನೊಳಗೂ ಚೆನ್ನಾಗಿ ಹೋಗುತ್ತವೆ, ಅಂಥ ರೋಗಿಗೆ ಇಮ್ಯುನೊಥೆರಪಿಗಿಂತ ಅವೇ ಮೇಲು. ಎಎಲ್‌ಕೆ ಇದ್ದವರಿಗೆ ಲಾರ್ಲಾಟಿನಿಬ್ ಕೊಟ್ಟ ಅಧ್ಯಯನದಲ್ಲಿ ಐದು ವರ್ಷ ಕಳೆದರೂ ಶೇ. 60ರಷ್ಟು ಜನರಲ್ಲಿ ರೋಗ ಮುಂದುವರಿದಿರಲಿಲ್ಲ. ಇನ್ನೊಂದು ಕಾರಣಕ್ಕೂ ವರದಿ ಬರುವ ತನಕ ಕಾಯುವುದು ಒಳ್ಳೆಯದು: ಇಮ್ಯುನೊಥೆರಪಿ ಕೊಟ್ಟ ಬೆನ್ನಲ್ಲೇ ಓಸಿಮರ್ಟಿನಿಬ್ ಶುರು ಮಾಡಿದರೆ ಶ್ವಾಸಕೋಶಕ್ಕೆ ಕೆಟ್ಟ ಉರಿಯೂತ ಬರುವ ಅಪಾಯ ಜಾಸ್ತಿ. ಏನಾದರೂ ಬೇಗ ಶುರು ಮಾಡಿಬಿಡಿ ಎಂದು ನೀವು ಡಾಕ್ಟರಿಗೆ ಒತ್ತಾಯ ಮಾಡುವ ಮೊದಲು ಇದು ನಿಮಗೆ ಗೊತ್ತಿರಲಿ.

ಈಗ ಆ ಮಾತಿಗೆ ಬರುತ್ತೇನೆ. ಮೆದುಳಿನೊಳಗೆ ದೇಹದ ರಕ್ಷಣಾ ವ್ಯವಸ್ಥೆಗೆ ಪ್ರವೇಶವಿಲ್ಲ ಎಂಬ ನಂಬಿಕೆ ಬಹಳ ಹಳೆಯದು. 1885ರಲ್ಲಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದಾಗ ಬೇರೆ ಅಂಗಗಳಿಗೆಲ್ಲ ಬಣ್ಣ ಹಿಡಿಯಿತು, ಮೆದುಳಿಗೆ ಹಿಡಿಯಲಿಲ್ಲ. 1948ರಲ್ಲಿ ಪೀಟರ್ ಮೆಡವಾರ್ ಒಂದು ಮೊಲದ ಚರ್ಮದ ಚೂರನ್ನು ಇನ್ನೊಂದು ಮೊಲದ ಮೆದುಳಿನಲ್ಲಿಟ್ಟರು. ಬೇರೆಡೆ ಆಗಿದ್ದರೆ ದೇಹ ಅದನ್ನು ಕೊಂದುಹಾಕುತ್ತಿತ್ತು, ಮೆದುಳಿನಲ್ಲಿ ಅದು ಉಳಿಯಿತು. ಪಠ್ಯಪುಸ್ತಕಗಳು ಇಷ್ಟನ್ನು ಎತ್ತಿಕೊಂಡವು. ಅದೇ ಪ್ರಯೋಗದ ಉಳಿದರ್ಧವನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲೇ ಅದೇ ದಾನಿಯ ಚರ್ಮವನ್ನು ಮೈಮೇಲೆ ಕಸಿ ಮಾಡಿಸಿಕೊಂಡಿದ್ದ ಮೊಲ, ಮೆದುಳಿನಲ್ಲಿಟ್ಟ ಚೂರನ್ನೂ ಬಿಡಲಿಲ್ಲ. ಹೊರಗೆ ಒಮ್ಮೆ ಶತ್ರುವಿನ ಗುರುತು ಸಿಕ್ಕಿದ ಮೇಲೆ ರಕ್ಷಣಾ ಕೋಶಗಳು ಮೆದುಳಿಗೂ ಹುಡುಕಿಕೊಂಡು ಹೋಗುತ್ತವೆ.

ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಬೀಜ ಆ ಉಳಿದರ್ಧದಲ್ಲೇ ಇತ್ತು. 2018ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಿಹೇಲಾ ಲಾರ್ಗರ್ ಅವರ ತಂಡ ಇಲಿಗಳಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬೆಳೆಸಿ ನೋಡಿತು. ಗೆಡ್ಡೆ ಮೆದುಳಿನಲ್ಲಿ ಮಾತ್ರ ಇದ್ದ ಇಲಿಗಳಿಗೆ ಇಮ್ಯುನೊಥೆರಪಿ ನಾಟಲಿಲ್ಲ. ಮೆದುಳಿನ ಹೊರಗೂ ಗೆಡ್ಡೆ ಇದ್ದ ಇಲಿಗಳಲ್ಲಿ ತಲೆಯೊಳಗಿನದಕ್ಕೂ ಪರಿಣಾಮವಾಯಿತು. ಟಿ ಕೋಶಗಳು ಹೊರಗೆ ಗುರುತು ಹಿಡಿದು, ಸಂಖ್ಯೆ ಹೆಚ್ಚಿಸಿಕೊಂಡು, ರಕ್ತನಾಳದ ಗೋಡೆ ದಾಟಿ ಮೆದುಳಿಗೆ ನುಗ್ಗಿದ್ದವು. ಇದನ್ನು ಮೊದಲ ಸಲ ಓದಿದಾಗ ನಾನು ಕೂತಲ್ಲಿಂದ ಏಳಲಿಲ್ಲ ಮಾರಾಯ. ಇಮ್ಯುನೊಥೆರಪಿ ಔಷಧದ ಅಣು ಬಹಳ ದೊಡ್ಡದು, ಅದು ಮೆದುಳಿನ ತಡೆಗೋಡೆ ದಾಟುವುದೇ ಇಲ್ಲ ಎಂದು ಎಷ್ಟೋ ಜನ ಕೈಚೆಲ್ಲಿದ್ದರು. ಔಷಧವೇ ಒಳಗೆ ಹೋಗಬೇಕೆಂದಿಲ್ಲ, ಅದು ಎಬ್ಬಿಸಿದ ಟಿ ಕೋಶ ಹೋದರೂ ಆಗುತ್ತದೆ.

ಎಬ್ಬಿಸುವುದು ಹೇಗೆ ಎಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಟಿ ಕೋಶಗಳು ಹದ್ದುಮೀರದಂತೆ ಅವುಗಳ ಮೇಲೆ ಸಿಟಿಎಲ್‌ಎ-4, ಪಿಡಿ-1 ಎಂಬ ತಡೆಗಳಿವೆ, ಕ್ಯಾನ್ಸರ್ ಅವುಗಳ ಮರೆಯಲ್ಲಿ ಬೆಳೆಯುತ್ತದೆ. ಔಷಧ ಆ ತಡೆಯನ್ನು ತೆಗೆಯುತ್ತದೆ. ಜೇಮ್ಸ್ ಆಲಿಸನ್ ಮತ್ತು ತಸುಕು ಹೋಂಜೊ ಇದಕ್ಕಾಗಿ 2018ರಲ್ಲಿ ನೊಬೆಲ್ ಪಡೆದರು.

ನನಗೆ ಸಿಟ್ಟು ಬರುವುದು ಮುಂದಿನ ವಿಷಯಕ್ಕೆ. ಹೊಸ ಔಷಧಗಳ ಟ್ರಯಲ್‌ಗಳಲ್ಲಿ ಮೆದುಳಿಗೆ ಹರಡಿ ಚಿಕಿತ್ಸೆಯಾಗದೆ ಉಳಿದಿದ್ದವರನ್ನು ವರ್ಷಗಟ್ಟಲೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಹೇಗೂ ಬೇಗ ಹೋಗುತ್ತಾರೆ, ಔಷಧದ ಲೆಕ್ಕ ಕೆಡುತ್ತದೆ ಎಂಬ ಭಯ. ಸೇರಿಸಿಕೊಳ್ಳದಿದ್ದರೆ ಅವರಿಗೆ ಔಷಧ ಕೆಲಸ ಮಾಡುತ್ತದೆಯೇ ಎಂದು ಗೊತ್ತಾಗುವುದು ಹೇಗೆ? ಗೊತ್ತಿಲ್ಲದ್ದನ್ನೇ ಆಗುವುದಿಲ್ಲ ಎಂದು ಹೇಳುತ್ತ ಬಂದರು. ಅಕ್ಕನ ಬಗ್ಗೆ ನೀವು ಕೇಳಿಸಿಕೊಂಡ ಮಾತಿನಲ್ಲಿ ಇದರ ಪಾಲೂ ಇದೆ.

ಕೆಲವರು ಹಠ ಹಿಡಿದರು. ಅಮೆರಿಕದ ಯೇಲ್‌ನಲ್ಲಿ ಸಾರಾ ಗೋಲ್ಡ್‌ಬರ್ಗ್ ಮತ್ತು ಹ್ಯಾರಿಯೆಟ್ ಕ್ಲೂಗರ್ ಇಂಥವರನ್ನೇ ಆರಿಸಿ, ಪಿಡಿ-1 ತಡೆಯನ್ನು ತೆಗೆಯುವ ಪೆಂಬ್ರೊಲಿಜುಮಾಬ್ ಎಂಬ ಔಷಧ ಕೊಟ್ಟರು. 2016ರಲ್ಲಿ ಬಂದ ಅವರ ಮೊದಲ ಫಲಿತಾಂಶದಲ್ಲಿ ಶ್ವಾಸಕೋಶದ ಕ್ಯಾನ್ಸರಿನ 18 ಜನರ ಪೈಕಿ 6 ಜನರ ಮೆದುಳಿನ ಗೆಡ್ಡೆ ಕುಗ್ಗಿತ್ತು. 2020ರ ವರದಿಯಲ್ಲಿ, ಗೆಡ್ಡೆಯಲ್ಲಿ ಪಿಡಿ-ಎಲ್1 ಎಂಬ ಗುರುತು ಇದ್ದ 37 ಜನರಲ್ಲಿ 11 ಮಂದಿಗೆ ಫಲ ಸಿಕ್ಕಿತ್ತು, ಗುರುತು ಇಲ್ಲದ ಅಥವಾ ಅಳೆಯಲಾಗದ ಐವರಲ್ಲಿ ಒಬ್ಬರಿಗೂ ಇಲ್ಲ. ಆದ್ದರಿಂದ ಪಿಡಿ-ಎಲ್1 ಎಷ್ಟು ಎಂದೂ ಕೇಳು. ಮೆಲನೋಮಾದಲ್ಲಿ ಫಲಿತಾಂಶ ಇನ್ನೂ ದೊಡ್ಡದು. 2018ರಲ್ಲಿ ಹೂಸ್ಟನ್ನಿನ ಹುಸೇನ್ ತಾವ್ಬಿ ಅವರ ತಂಡ ಎರಡು ತಡೆಗಳನ್ನೂ ಒಟ್ಟಿಗೆ ತೆಗೆಯುವ ಔಷಧಗಳನ್ನು 94 ಜನರಿಗೆ ಕೊಟ್ಟು, ಶೇ. 57 ಜನರಿಗೆ ಮೆದುಳಿನೊಳಗೆ ಪ್ರಯೋಜನವಾದದ್ದನ್ನು ತೋರಿಸಿತು. ಶೇ. 26 ಜನರ ಸ್ಕ್ಯಾನಿನಲ್ಲಿ ಮೆದುಳಿನ ಗೆಡ್ಡೆ ಕಾಣದೇ ಹೋಗಿತ್ತು. ಆಸ್ಟ್ರೇಲಿಯಾದ ಜಾರ್ಜಿನಾ ಲಾಂಗ್ ಅವರ ಅಧ್ಯಯನವೂ ಅದೇ ವರ್ಷ ಇದೇ ದಿಕ್ಕಿನ ಉತ್ತರ ಕೊಟ್ಟಿತು. ಜಿಮ್ಮಿ ಕಾರ್ಟರ್ ಸಂಗತಿ ನೀನು ಕೇಳಿರಬಹುದು: 2015ರಲ್ಲಿ ಮೆಲನೋಮಾ ಮೆದುಳಿಗೆ ಹರಡಿತ್ತು, ರೇಡಿಯೇಶನ್ ಮತ್ತು ಪೆಂಬ್ರೊಲಿಜುಮಾಬ್ ಆಯಿತು, ನೂರು ವರ್ಷ ತುಂಬಿಸಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆದರೆ ಅದು ಮೆಲನೋಮಾ, ಅಕ್ಕನದು ಬೇರೆ. ಆ ಅಂಕಿಗಳನ್ನು ಇವಳಿಗೆ ಹಚ್ಚಬೇಡ.

ತಾವ್ಬಿ ಅವರ ಅಧ್ಯಯನದಲ್ಲೇ ಕಹಿಯಾದ ಭಾಗವೂ ಇದೆ. ತಲೆನೋವು, ವಾಂತಿ, ಕೈಕಾಲು ಸೋಲು ಶುರುವಾದ ಮೇಲೆ ಬಂದ 18 ರೋಗಿಗಳಲ್ಲಿ ಪ್ರಯೋಜನವಾದದ್ದು ಮೂವರಿಗೆ ಮಾತ್ರ. ಮೆದುಳಿನ ಊತ ಇಳಿಸಲು ಕೊಡುವ ಸ್ಟೆರಾಯ್ಡ್, ಟಿ ಕೋಶಗಳನ್ನೂ ಮಲಗಿಸುತ್ತದೆ. 2012ರಲ್ಲಿ ಕಿಮ್ ಮಾರ್ಗೋಲಿನ್ ಮತ್ತು ಸಂಗಡಿಗರು ಮೆದುಳಿಗೆ ಹರಡಿದ ಮೆಲನೋಮಾ ಇದ್ದವರಿಗೆ, ಸಿಟಿಎಲ್‌ಎ-4 ತಡೆಯನ್ನು ತೆಗೆಯುವ ಇಪಿಲಿಮುಮಾಬ್ ಕೊಟ್ಟು ನೋಡಿದಾಗ, ಸ್ಟೆರಾಯ್ಡ್ ಬೇಕಾಗದ ರೋಗಿಗಳ ಶೇ. 24 ಭಾಗದಲ್ಲಿ ಮೆದುಳಿನ ರೋಗ ಹತೋಟಿಗೆ ಬಂದಿತ್ತು. ಸ್ಟೆರಾಯ್ಡ್ ಮೇಲಿದ್ದವರಲ್ಲಿ ಶೇ. 10. ಅವರು ಮೊದಲೇ ಹೆಚ್ಚು ಕಾಯಿಲೆ ಬಿದ್ದವರು, ಹಾಗಾಗಿ ಎಲ್ಲ ತಪ್ಪನ್ನೂ ಸ್ಟೆರಾಯ್ಡ್ ಮೇಲೆ ಹೊರಿಸಲಾಗದು. ಅಕ್ಕನಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ನಡೆಯುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಅದು ಅಪಾಯ. ಕಡಿಮೆ ಮಾಡಲು ಸಾಧ್ಯವೇ, ಊತ ತರುವ ಗೆಡ್ಡೆಗೆ ಗುರಿಯಿಟ್ಟು ರೇಡಿಯೇಶನ್ ಕೊಡಬಹುದೇ ಎಂದು ಕೇಳಿ.

ದುಡ್ಡಿನ ಮಾತು. ಭಾವ ಹೊಲ ಮಾರುವ ಯೋಚನೆಯಲ್ಲಿದ್ದಾರೆ ಎಂದಿದ್ದೀಯ. ಜೀನ್ ವರದಿ ಕೈಗೆ ಬರುವ ತನಕ ಒಂದು ಗುಂಟೆಯನ್ನೂ ಮಾರಬೇಡಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಕುಮಾರ್ ಪ್ರಭಾಶ್ ಮತ್ತು ಸಂಗಡಿಗರು ನಿವೊಲುಮಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ, ಅಂದರೆ ರೂಢಿಯ ಪ್ರಮಾಣದ ಸಣ್ಣದೊಂದು ಪಾಲು, ಬೇರೆ ಮಾತ್ರೆಗಳ ಜೊತೆ ಕೊಟ್ಟು ನೋಡಿದ್ದಾರೆ. ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16ರಿಂದ 43ಕ್ಕೆ ಏರಿತು. ಅದು ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ. ಮೆದುಳಿಗೆ ಹರಡಿದ ಶ್ವಾಸಕೋಶದ ಕ್ಯಾನ್ಸರಿಗೆ ಅದನ್ನೇ ಕೊಡಿ ಎಂದು ಕೇಳುವ ಹಾಗಿಲ್ಲ. ಆದರೂ ಬಡ ರೋಗಿಗಳಿಗಾಗಿ ಇಷ್ಟು ಶ್ರದ್ಧೆಯಿಂದ ಯೋಚಿಸುವ ಡಾಕ್ಟರುಗಳು ನಮ್ಮಲ್ಲಿದ್ದಾರೆ ಎಂದು ನಿನಗೆ ಹೇಳಬೇಕೆನಿಸಿತು.

ಕೊನೆಯದು, ನೀನು ಸಂಕೋಚದಿಂದ ಬರೆದ ಸಾಲು: ಮೆದುಳಿನ ವಿಷಯ ಅಕ್ಕನಿಗೆ ಇನ್ನೂ ಹೇಳಿಲ್ಲ ಎಂದು. ಹೇಳಿ ಕಣೋ. ಇಮ್ಯುನೊಥೆರಪಿ ಕೊಟ್ಟರೆ ಟಿ ಕೋಶಗಳು ಅವಳ ಕರುಳು, ಶ್ವಾಸಕೋಶ, ಥೈರಾಯ್ಡ್ ಮೇಲೂ ತಿರುಗಬಹುದು. ಭೇದಿ ಹೆಚ್ಚಾಯಿತು, ಮೆಟ್ಟಿಲು ಹತ್ತಿದರೆ ಉಸಿರು ಸಾಲದು, ವಿಪರೀತ ಸುಸ್ತು ಎಂದು ಅವಳು ಅವತ್ತೇ ಬಾಯಿಬಿಟ್ಟು ಹೇಳಬೇಕು, ಬೇಗ ಹಿಡಿದರೆ ಹೆಚ್ಚಿನವನ್ನು ಸರಿಪಡಿಸಬಹುದು. ಏನು ನಡೆಯುತ್ತಿದೆ ಎಂದೇ ಗೊತ್ತಿಲ್ಲದವಳು, ಮನೆಯವರಿಗೆ ತೊಂದರೆ ಬೇಡ ಎಂದು ಎಲ್ಲವನ್ನೂ ನುಂಗಿಕೊಂಡು ಕೂರುತ್ತಾಳೆ. ಅಕ್ಕ ಅಂಥವಳೇ ಅಲ್ಲವೇ? ಹೇಳಲು ನಿಮಗೆ ಬಾಯಿ ಬಾರದಿದ್ದರೆ ಭಾನುವಾರ ಬೆಳಿಗ್ಗೆ ಅವಳ ಕೈಗೆ ಫೋನ್ ಕೊಡು, ನಾನೇ ಮಾತಾಡುತ್ತೇನೆ. ಅಷ್ಟರೊಳಗೆ ಬಯಾಪ್ಸಿ ವರದಿ, ಎಂಆರ್‌ಐ ವರದಿ ಎರಡರ ಫೋಟೊ ಕಳಿಸು.

ನಿನ್ನ ಗೆಳೆಯ