ಮಗಳಿಗೊಂದು ಪತ್ರ: ಖಾಡಿಗಳ ದಾರಿಗೆ ಹೊರಡುವ ಮುನ್ನ

ಕೋಥ್ರೂಡ್, ಪುಣೆ

ಪ್ರೀತಿಯ ಮಗಳೇ,

ನಿನ್ನ ಸೈಕಲ್ ಪ್ರವಾಸಕ್ಕೆ ಅಂತ ನೀನು ಕಳಿಸಿದ ಪಟ್ಟಿ ನೋಡಿದೆ. ಪುಣೆಯಿಂದ ತಾಮ್ಹಿಣಿ ಘಾಟ್ ಇಳಿದು ಮಾಣಗಾಂವ್, ಅಲ್ಲಿಂದ ಶ್ರೀವರ್ಧನ, ಆಮೇಲೆ ಕಡಲು ಹಿಡಿದು ಗೋವಾ. ದಾರಿ ಚೆನ್ನಾಗಿದೆ. ದಿನಕ್ಕೆ 100 ಕಿ.ಮೀ. ಅಂತ ಬರೆದಿದ್ದೀಯಲ್ಲ, ನನ್ನ ತಕರಾರು ಅದಕ್ಕೆ. ಮೊದಲ ದಿನ ನಡೆದೀತು. ಕಡಲ ರಸ್ತೆಗೆ ಬಿದ್ದ ಮೇಲೆ 50ರಿಂದ 60 ಸಾಕು, ಅದೂ ಮಧ್ಯಾಹ್ನ 12ರೊಳಗೆ ಮುಗಿಯುವ ಹಾಗೆ. ಸಣ್ಣ ಊರು ನೋಡಬೇಕು ಅಂತಲೇ ಹೊರಟವಳು ಕತ್ತಲಾದ ಮೇಲೆ ಊರು ಮುಟ್ಟಿದರೆ ಏನು ಕಂಡ ಹಾಗಾಯಿತು?

ಕಡಲ ದಂಡೆ ಅಂದರೆ ಸಪಾಟು ಅಂದುಕೊಳ್ಳಬೇಡ. ಕೊಂಕಣದ ರಸ್ತೆ ಖಾಡಿಯ, ಅಂದರೆ ಕಡಲು ಒಳನುಗ್ಗಿದ ಅಳಿವೆಯ, ದಂಡೆಯಿಂದ ಎದ್ದು ಜಂಬಿಟ್ಟಿಗೆ ಕಲ್ಲಿನ ಬಯಲಿಗೆ ಏರುತ್ತೆ. ಆ ಬಯಲಿಗೆ ಅಲ್ಲಿಯವರು ಸಡಾ ಅಂತಾರೆ. ಸಡಾ ಮೇಲೆ ನಾಲ್ಕಾರು ಕಿ.ಮೀ. ಓಡಿ ಮುಂದಿನ ಖಾಡಿಗೆ ಇಳಿಯುತ್ತೆ, ಮತ್ತೆ ಏರುತ್ತೆ. ಒಂದೊಂದು ಏರು ನೂರು ಮೀಟರಿನ ಆಸುಪಾಸು, ಆದರೆ ಕಡಿದು. ಹೀಗೆ 60 ಕಿ.ಮೀ.ನಲ್ಲಿ 800 ಮೀಟರ್ ಏರುವುದು ಅಲ್ಲಿ ಮಾಮೂಲು. ಹಾಗಾಗಿ ದಿನದ ಲೆಕ್ಕವನ್ನು ದೂರದಲ್ಲಿ ಹಾಕಬೇಡ, ಏರಿನಲ್ಲಿ ಹಾಕು.

ಗೇರಿನ ಮಾತೂ ಇಲ್ಲೇ ಬರುತ್ತೆ. ಮುಂದೆ ಪೆಡಲಿನ ಹತ್ತಿರ 28 ಹಲ್ಲಿನ ಚಿಕ್ಕ ಚೈನ್‌ರಿಂಗ್ ಇದ್ದರೆ ಹಿಂದೆ ಕಡಿಮೆ ಅಂದರೂ 32 ಹಲ್ಲು ಬೇಕು. ನಿನ್ನ 35 ಎಂ.ಎಂ. ಟಯರಿಗೆ ಆಗ ಪೆಡಲಿನ ಒಂದು ಸುತ್ತಿಗೆ ಗಾಡಿ 1.9 ಮೀಟರ್ ಮುಂದೆ ಹೋಗುತ್ತೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 7 ಕಿ.ಮೀ. ವೇಗ ಅಷ್ಟೇ, ಆದರೆ 10 ಕಿಲೋ ಸಾಮಾನು ಹೊತ್ತೂ ಮೊಣಕಾಲು ಉಳಿಯುತ್ತೆ. ಕ್ಯಾಸೆಟ್, ಅಂದರೆ ಹಿಂಗಾಲಿಯ ಹಲ್ಲುಚಕ್ರಗಳ ಗೊಂಚಲು, ಬದಲಿಸುವಾಗ ಚೈನನ್ನೂ ಜೊತೆಗೇ ಬದಲಿಸು. ಹಳೇ ಕ್ಯಾಸೆಟ್‌ಗೆ ಹೊಸ ಚೈನ್ ಹಾಕಿದರೆ ಹಲ್ಲು ಜಾರುತ್ತೆ, ಹೊಸ ಕ್ಯಾಸೆಟ್‌ಗೆ ಹಳೇ ಚೈನ್ ಹಾಕಿದರೆ ಹೊಸ ಹಲ್ಲೂ ಬೇಗ ಸವೆಯುತ್ತೆ. ಇದನ್ನೆಲ್ಲ ಹೊರಡುವ ಎರಡು ವಾರ ಮೊದಲೇ ಮುಗಿಸಿ, ಸಾಮಾನು ಕಟ್ಟಿಕೊಂಡೇ ಸಿಂಹಗಡದ ಏರಿನಲ್ಲಿ ತುಳಿದು ನೋಡು. ಹೊಸ ಕೇಬಲ್ ಸಡಿಲಾಗುವುದು, ಚೈನ್ ಹಾರುವುದು ಏನಿದ್ದರೂ ಅಲ್ಲೇ ಗೊತ್ತಾಗಲಿ.

ಈಗ ಟ್ಯೂಬು. ಇದರಲ್ಲಿ ಮಾತ್ರ ನನ್ನ ಮಾತು ಮೀರಬೇಡ. ತೆಳ್ಳನೆಯ ಪ್ರೆಸ್ಟಾ ವಾಲ್ವ್ ಬಿಟ್ಟು, ಬೈಕಿಗೆ ಇರುವಂಥ ದಪ್ಪ ಶ್ರೇಡರ್ ವಾಲ್ವಿನ ಟ್ಯೂಬ್ ಹಾಕು. ರಿಮ್ಮಿನ ತೂತು 8.5 ಎಂ.ಎಂ. ಇರಬೇಕು, ಪ್ರೆಸ್ಟಾ ತೂತು 6.5 ಮಾತ್ರ. ಕೊಂಕಣದ ಯಾವ ಊರಿನಲ್ಲೂ ಬೈಕ್ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಶ್ರೇಡರ್‌ಗೆ ಕೂರುತ್ತೆ. ಪ್ರೆಸ್ಟಾ ಬಿಡಲಾಗದಿದ್ದರೆ ಹಿತ್ತಾಳೆಯ ಅಡಾಪ್ಟರ್ ಎರಡು ಇಟ್ಟುಕೋ, ಒಂದು ಕಳೆದೇ ಕಳೆಯುತ್ತೆ. ಹಳ್ಳಿಯ ಸೈಕಲ್ ಅಂಗಡಿಯಲ್ಲಿ ನೇತಾಡುವ 28 ಇಂಚಿನ ಟಯರ್ ನೋಡಿ ಧೈರ್ಯ ತಂದುಕೊಳ್ಳಬೇಡ. ಹಾಲಿನವರ ಸೈಕಲ್ಲಿನ ಆ ಟಯರು ಕೂರುವ ರಿಮ್ಮಿನ ಅಳತೆ 635 ಎಂ.ಎಂ., ನಿನ್ನ ರಿಮ್ 622. ಕೂರುವುದಿಲ್ಲ. ಅದರ ಟ್ಯೂಬನ್ನು ಆಪತ್ತಿಗೆ ತುರುಕಬಹುದು, ಅದೂ ರಿಮ್ಮಿನ ತೂತು ದೊಡ್ಡದಿದ್ದರೆ. ಎರಡು ಟ್ಯೂಬ್ ಒಯ್ಯಿ. ಹಳೇ ಟಯರಿನಿಂದ ಎರಡು ಬೆರಳಗಲದ ತುಂಡೊಂದು ಕತ್ತರಿಸಿಟ್ಟುಕೋ, ಟಯರ್ ಸೀಳಿದರೆ ಒಳಗಿಂದ ಇಡೋದಕ್ಕೆ. ಗಾಳಿ ಹಿಂದೆ 55, ಮುಂದೆ 45 ಪಿ.ಎಸ್.ಐ. ಇದಕ್ಕಿಂತ ತೀರ ಇಳಿದರೆ ಗುಂಡಿಯ ಅಂಚಿಗೆ ಟ್ಯೂಬ್ ಚಿವುಟಿ ಪಕ್ಕಪಕ್ಕ ಎರಡು ತೂತಾಗುತ್ತೆ. ಎರಡು ತೂತು ಕಂಡರೆ ಮುಳ್ಳು ಹುಡುಕುತ್ತ ಕೂರಬೇಡ.

ಪ್ಯಾಚ್ ಹಾಕುವಾಗ ಕಡಲ ಹವೆ ಲೆಕ್ಕದಲ್ಲಿರಲಿ. ಉಪ್ಪುಕಾಗದದಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಪುಣೆಯಲ್ಲಿ ಮೂರು ನಿಮಿಷ ಕಾದರೆ ಅಲ್ಲಿ ಆರು ಕಾಯಬೇಕು. ಮುಟ್ಟಿದರೆ ಬೆರಳಿಗೆ ಅಂಟಬಾರದು. ಹಸಿ ಇದ್ದಾಗಲೇ ಒತ್ತಿದ ಪ್ಯಾಚ್ ಮರುದಿನದ ಬಿಸಿಲಿಗೆ ಏಳುತ್ತೆ. ಅಂಗಡಿಯಲ್ಲಿ ಹಾಕಿಸಿದರೆ, ಬೈಕಿನ ಟ್ಯೂಬಿಗೆ ಹಾಕುವ ಬಿಸಿ ಪ್ಯಾಚ್ ಬೇಡ ಅನ್ನು. ಸೈಕಲ್ ಟ್ಯೂಬ್ ತೆಳು, ಸುಟ್ಟುಹೋಗುತ್ತೆ.

ಆ ಅಂಗಡಿಗಳನ್ನು ಕಡೆಗಣಿಸಬೇಡ ಮತ್ತೆ. ಹೈಡ್ರಾಲಿಕ್ ಬ್ರೇಕ್ ಅವರ ಕೈಗೆ ಕೊಡಬಾರದು, ನಿಜ. ಆದರೆ ಗಾಲಿಯ ಓಲಾಟ ತೆಗೆಯುವುದರಲ್ಲಿ ಶಹರದ ಶೋರೂಮಿನವರು ಇವರ ಹತ್ತಿರ ಕಲಿಯಬೇಕು. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಚೌಕಟ್ಟಿಗೆ ಸೀಮೆಸುಣ್ಣದ ತುಂಡು ಹಿಡಿದು ಗಾಲಿ ತಿರುಗಿಸುತ್ತಾರೆ. ರಿಮ್ ಎಲ್ಲಿ ಹೊರಬಂದಿದೆಯೋ ಅಲ್ಲಿ ಗೆರೆ ಬೀಳುತ್ತೆ, ಅಷ್ಟೇ ಕಡೆ ಕಡ್ಡಿಯ ತುದಿಯ ತಿರುಪು, ಅಂದರೆ ನಿಪ್ಪಲ್, ಕಾಲು ಸುತ್ತು, ಅರ್ಧ ಸುತ್ತು. ಸಾಮಾನು ಹೊತ್ತ ಸೈಕಲ್ಲಿನಲ್ಲಿ ಮುರಿಯುವುದು ಸಾಮಾನ್ಯವಾಗಿ ಹಿಂಗಾಲಿಯ ಬಲಬದಿಯ ಕಡ್ಡಿ, ಕ್ಯಾಸೆಟ್ ಇರುವ ಕಡೆಯ ಕಡ್ಡಿಗಳೇ ಹೆಚ್ಚು ಬಿಗಿ ಇರುವುದರಿಂದ. ಅದು ಮುರಿದಾಗ ರಿಮ್ ಎಡಕ್ಕೆ ಸರಿಯುತ್ತೆ. ಎಡಬದಿಯ ಅಕ್ಕಪಕ್ಕದ ಎರಡು ಕಡ್ಡಿ ಅರ್ಧರ್ಧ ಸುತ್ತು ಸಡಿಲಿಸಿದರೆ ಊರು ಮುಟ್ಟುವಷ್ಟು ನೇರವಾಗುತ್ತೆ. ನಿನ್ನ ಅಳತೆಯ ಕಡ್ಡಿ ಅವರಲ್ಲಿ ಸಿಗಲಿಕ್ಕಿಲ್ಲ. ನಾಲ್ಕು ಕಡ್ಡಿ ಚೌಕಟ್ಟಿಗೇ ಟೇಪ್ ಸುತ್ತಿ ಕಟ್ಟು, ಕ್ಯಾಸೆಟ್ ಬಿಚ್ಚುವ ಸಾಧನ ಚೀಲದಲ್ಲಿರಲಿ. ಕ್ಯಾರಿಯರಿನ ಬೋಲ್ಟಿಗೆ 4 ಎಂ.ಎಂ. ಅಲೆನ್ ಕೀ ದಿನಾ ಸಂಜೆ ಹಚ್ಚಿ ನೋಡು.

ಅಂಗಡಿಯಲ್ಲಿ ಗಾಲಿ ತಿರುಗುತ್ತಿರುವಾಗಲೇ ಊರಿನ ಸಂಗತಿ ಕೇಳು: ಸಂತೆ ಯಾವ ವಾರ, ಖಾನಾವಳಿ ಯಾವ ಮನೆಯಲ್ಲಿ, ಮುಂದಿನ ರಸ್ತೆ ಅಗೆದಿದ್ದಾರಾ. ಸೇತುವೆಗಳ ಕೆಲಸ ನಡೆದಿರುವ ಕಡೆ ಮ್ಯಾಪ್ ನಂಬುವ ಹಾಗಿಲ್ಲ. ಊಟಕ್ಕೆ ಬೆಳಿಗ್ಗೆಯೇ ಫೋನು ಮಾಡಿ ಹೇಳು. ಮನೆಯ ಖಾನಾವಳಿಯಲ್ಲಿ ಹೇಳಿದಷ್ಟೇ ಅಕ್ಕಿ ಹಾಕುತ್ತಾರೆ. ನಮ್ಮ ನೀರುದೋಸೆಗೆ ಅಲ್ಲಿ ಘಾವಣೆ ಅಂತಾರೆ, ನಾಷ್ಟಾಕ್ಕೆ ಅದು ಸಿಕ್ಕರೆ ಬಿಡಬೇಡ.

ಒಂದರಿಂದ ನಾಲ್ಕರವರೆಗೆ ಕೊಂಕಣದ ಪೇಟೆ ಮಲಗುತ್ತೆ. 12ಕ್ಕೆ ಮುಟ್ಟು ಅಂದದ್ದು ಅದಕ್ಕೇ. ಉಂಡು, ಆ ನಿದ್ದೆಯ ಹೊತ್ತಿನಲ್ಲಿ ಚೈನಿನ ಕೆಲಸ ಮುಗಿಸು. ಉಪ್ಪುಗಾಳಿ, ಕೆಂಪು ಧೂಳು ಎರಡೂ ಸೇರಿ ಎಣ್ಣೆಯಲ್ಲಿ ಅರೆದ ಹಾಗಾಗುತ್ತೆ. ಮೊದಲು ಒಣಬಟ್ಟೆಯಲ್ಲಿ ಒರೆಸು, ಒಂದೊಂದು ರೋಲರಿಗೆ ಒಂದೇ ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಿಬಿಡು. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯುವುದಕ್ಕೆ ಮಾತ್ರ ಬರುತ್ತೆ. ನಾಲ್ಕಕ್ಕೆ ಕೈ ತೊಳೆದು ಪೇಟೆಗೆ ಹೊರಡು.

ಹರ್ಣೈ ತಲುಪುವ ದಿನ ಇದು ಇನ್ನೂ ಮುಖ್ಯ. ದೋಣಿಗಳು ಬಂದು ದಂಡೆಯ ಮೇಲೆಯೇ ಮೀನಿನ ಲಿಲಾವು ಏಳುವುದು ಇಳಿಹೊತ್ತಿಗೆ, ಎದುರಿಗೆ ಸುವರ್ಣದುರ್ಗ. ಅದಕ್ಕೂ ಹಿಂದೆ ವೇಳಾಸ್ ಇದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೋದರೆ ಕಡಲಾಮೆ ಮರಿಗಳನ್ನು ನೀರಿಗೆ ಬಿಡುವುದು ನೋಡಬಹುದು, ಆದರೆ ಅಷ್ಟರಲ್ಲಿ ಸಡಾ ಮೇಲಿನ ಬಿಸಿಲು ತಡೆಯಲಾಗದು. ನಾನಾದರೆ ಡಿಸೆಂಬರ್ ಆರಿಸಿಕೊಳ್ಳುತ್ತೇನೆ. ಮಧ್ಯಾಹ್ನದ ಕಡಲಗಾಳಿ ವಾಯವ್ಯದಿಂದ ಬೀಸುವುದರಿಂದ ದಕ್ಷಿಣಕ್ಕೆ ಹೋಗುವವಳಿಗೆ ಅದು ಬೆನ್ನಿಗೇ.

ನಿನ್ನ ದಾರಿಗೆ ಮೂರು ದೊಡ್ಡ ಫೆರಿ: ಸಾವಿತ್ರಿ ನದಿಗೆ ಬಾಗಮಾಂಡಲಾ–ವೇಶ್ವಿ, ವಾಶಿಷ್ಠಿಗೆ ದಾಭೋಳ್–ಧೋಪಾವೆ, ಶಾಸ್ತ್ರಿಗೆ ತವಸಾಳ್–ಜಯಗಡ. ಮೊದಲ ಫೆರಿ ಎಷ್ಟಕ್ಕೆ ಅಂತ ಹಿಂದಿನ ಸಂಜೆಯೇ ಕೇಳಿಟ್ಟುಕೋ. ಜೆಟ್ಟಿಗೆ ಇಳಿಯುವ ರಸ್ತೆ ಕಡಿದು, ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಇಳಿಯದೆ ಬಿಟ್ಟುಬಿಟ್ಟು ಒತ್ತು. ಫೆರಿಯ ಒದ್ದೆ ಕಬ್ಬಿಣದ ಹಲಗೆ ಮೇಲೆ ತುಳಿಯಬೇಡ, ಇಳಿದು ತಳ್ಳು. ದಾಭೋಳದಲ್ಲಿ ಒಂದು ಫೆರಿ ಬಿಟ್ಟರೂ ಚಿಂತೆಯಿಲ್ಲ. ಹತ್ತಿರವೇ ನಮ್ಮ ವಿಜಾಪುರದ ಆದಿಲಶಾಹಿ ಕಾಲದ ಮಸೀದಿ ಇದೆ. ಗುಮ್ಮಟ ನೋಡಿದೊಡನೆ ನಿನಗೆ ಊರಿನ ನೆನಪಾಗುತ್ತೆ.

ಜಯಗಡ ದಾಟಿದರೆ ಮಾಲಗುಂಡ್, ಮರಾಠಿ ಕವಿ ಕೇಶವಸುತರ ಊರು, ಅವರ ಸ್ಮಾರಕವಿದೆ. ಎಲ್ಲರೂ ಗಣಪತಿಪುಳೆಗೆ ಓಡುತ್ತ ಇದನ್ನು ಬಿಟ್ಟುಹೋಗುತ್ತಾರೆ. ರತ್ನಾಗಿರಿಯಲ್ಲಿ ಬರ್ಮಾದ ಕೊನೆಯ ದೊರೆ ಥಿಬಾನ ಅರಮನೆ. 1885ರಲ್ಲಿ ಪಟ್ಟ ಕಳೆದುಕೊಂಡವನಿಗೆ ಅರಮನೆ ಎದ್ದದ್ದು 1910ರಲ್ಲಿ, ಆತ ತೀರಿಕೊಂಡದ್ದು 1916ರಲ್ಲಿ.

ಅಲ್ಲಿಂದ ದಕ್ಷಿಣಕ್ಕೆ ಪಾವಸ್, ಪೂರ್ಣಗಡ ದಾಟಿ ಕಶೇಳಿ. ಇಲ್ಲಿಗೆ ಒಂದು ಪೂರ್ತಿ ಸಂಜೆ ಇಡು. ಕನಕಾದಿತ್ಯ ಅಂತ ಸೂರ್ಯನ ಗುಡಿ ಇದೆ. 12ನೇ ಶತಮಾನದ ಕೊನೆಗೆ ಶಿಲಾಹಾರ ಭೋಜ ಹೊರಡಿಸಿದ ತಾಮ್ರಪಟ ಈ ಊರಿನದು. ಕನ್ನಡದಲ್ಲೂ ಶಾಸನ ಬರೆಸಿದ ಕೊಲ್ಲಾಪುರದ ಶಿಲಾಹಾರರು ಇವರೇ. ಊರ ಹೊರಗಿನ ಸಡಾ ಮೇಲೆ ಕಲ್ಲಿನ ನೆಲದಲ್ಲೇ ಕೊರೆದ ಆನೆ, ಸುಮಾರು 18 ಮೀಟರ್ ಉದ್ದ. ಅದರ ಮೈಯೊಳಗೆ ಮೀನು, ಪ್ರಾಣಿ, ಹಕ್ಕಿಗಳು. ನಡುಹಗಲು ಹೋದರೆ ಬರೀ ಕಪ್ಪುಕಲ್ಲು ಕಾಣುತ್ತೆ. ಗೆರೆಗಳ ಆಳ ಕಡಿಮೆ. ಸೂರ್ಯ ಓರೆಯಾದಾಗ, ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ನಾಲ್ಕೂವರೆ ಮೇಲೆ, ಅಂಚಿನ ನೆರಳು ಬಿದ್ದು ಮೊದಲು ಸೊಂಡಿಲು, ಆಮೇಲೆ ಬೆನ್ನು ಒಂದೊಂದೇ ಏಳುತ್ತೆ. ಸೈಕಲ್ ರಸ್ತೆಯ ಬದಿಗೇ ನಿಲ್ಲಿಸಿ ನಡೆದು ಹೋಗು, ಕಾಲಡಿಯಲ್ಲೇ ಇನ್ನೊಂದು ಚಿತ್ರ ಇರಬಹುದು. ಗೆರೆ ಎದ್ದು ಕಾಣಲಿ ಅಂತ ಸೀಮೆಸುಣ್ಣ ಹಚ್ಚುವವರಿದ್ದಾರೆ, ಆ ಕೆಲಸ ಮಾತ್ರ ಮಾಡಬೇಡ. ಕೊಂಕಣದ ಈ ಶಿಲಾಚಿತ್ರಗಳು 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಸಡಾ ಮೇಲೆ ಮರವಿಲ್ಲ, ನೀರಿಲ್ಲ. ಮೂರು ಬಾಟಲಿ ತುಂಬಿಕೊಂಡೇ ಹತ್ತು.

ವಿಜಯದುರ್ಗ, ದೇವಗಡ, ಮಾಲವಣ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ವೆಂಗುರ್ಲೆ ದಾಟಿದ ಮೇಲೆ ಶಿರೋಡೆಯಲ್ಲಿ ನಿಲ್ಲು. ನಮ್ಮ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ 1930ರಲ್ಲೇ ಇಲ್ಲೂ ನಡೆಯಿತು. ಉಪ್ಪಿನ ಆಗರಗಳು ರಸ್ತೆಯಿಂದಲೇ ಕಾಣುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಭರತದ ನೀರನ್ನು ಒಳಗೆ ಬಿಟ್ಟು ಮಡಿಯಿಂದ ಮಡಿಗೆ ಹಾಯಿಸುತ್ತ, ಹತ್ತರಲ್ಲಿ ಒಂಬತ್ತು ಪಾಲು ನೀರು ಆರಿದ ಮೇಲೇ ಹರಳು ಕಟ್ಟುತ್ತೆ. ಡಿಸೆಂಬರಿನಲ್ಲಿ ಹೋದರೆ ಮಡಿ ಕಟ್ಟುವ ಕೆಲಸ ನೋಡಬಹುದು, ಉಪ್ಪು ಬಾಚುವುದು ಬೇಸಿಗೆಗೆ. ಏರಿಯ ಮೇಲೆ ಸೈಕಲ್ ಒಯ್ಯಬೇಡ, ಮಣ್ಣು ಕುಸಿಯುತ್ತೆ.

ರೇಡಿಯಿಂದ ತೇರೇಖೋಲ್ ಫೆರಿ ಹಿಡಿದರೆ ಆಚೆ ದಡ ಗೋವಾದ ಕೇರಿ. ಫೆರಿ ನಿಂತಿದ್ದರೆ ಆರೊಂದಾ–ಕಿರಣಪಾಣಿ ಸೇತುವೆ ಸುತ್ತಿ ಹೋಗು. ಮ್ಹಾಪ್ಸಾಕ್ಕೆ ಶುಕ್ರವಾರ ಮುಟ್ಟುವ ಹಾಗೆ ಲೆಕ್ಕ ಹಾಕು, ಅವತ್ತು ಸಂತೆ.

ವಾಪಸು ಮಡಗಾಂವಿನಿಂದ ಗೋವಾ ಎಕ್ಸ್‌ಪ್ರೆಸ್. ಲೋಂಡಾ, ಬೆಳಗಾವಿ, ಮಿರಜ್ ಮೇಲಿಂದ ಪುಣೆಗೆ ಬರುತ್ತೆ. ಸೈಕಲ್ ಪಾರ್ಸಲ್ ಆಫೀಸಿಗೆ ಮೂರು ಗಂಟೆ ಮೊದಲೇ ಒಯ್ಯಿ, ಅದೇ ಗಾಡಿಗೆ ಏರುತ್ತದಾ ಅಂತ ಕೇಳಿಕೋ. ಡಬ್ಬಿ ತುಂಬಿದ್ದರೆ ಮುಂದಿನ ಗಾಡಿಗೆ ಬರುತ್ತೆ, ರಸೀದಿ ಜೋಪಾನ. ಹೆಸರು, ಹೊರಟ ಸ್ಟೇಷನ್, ಸೇರುವ ಸ್ಟೇಷನ್ ಬರೆದ ರಟ್ಟಿನ ಚೀಟಿ ಚೌಕಟ್ಟಿಗೆ ಎರಡು ಕಡೆ ಕಟ್ಟು. ಗೇರು ಬದಲಿಸುವ ಹಿಂದಿನ ಡಿರೇಲರ್‌ಗೆ ಗೋಣಿ ಸುತ್ತು. ಪೆಡಲ್ ಬಿಚ್ಚಲು 15 ಎಂ.ಎಂ. ಸ್ಪ್ಯಾನರ್ ಬೇಕು. ಬಲದ ಪೆಡಲ್ ಎಂದಿನ ಹಾಗೆ ಬಿಚ್ಚುತ್ತೆ, ಎಡದ್ದು ಉಲ್ಟಾ: ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲ. ಬಲವಂತ ಮಾಡಿದರೆ ಪೆಡಲ್ ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ, ಥ್ರೆಡ್ ಕಿತ್ತುಬರುತ್ತೆ, ಆಮೇಲೆ ಕ್ರ್ಯಾಂಕೇ ಬದಲಿಸಬೇಕು. ರಾತ್ರಿ ಉಳಿಯುವ ಊರಿನ ಹೆಸರು ದಿನಾ ನಿಮ್ಮಪ್ಪನಿಗೆ ಮೆಸೇಜ್ ಮಾಡು.

ನಿನ್ನ ಅಮ್ಮ